ತೊಂಬತ್ತೊಂಬತ್ತು ರತ್ನಗಳ ಕಥೆ

ಕುವೈತ್‌ನ ಮನಶ್ಶಾಸ್ತ್ರಜ್ಞ ನಾಯಿಫ್ ಅಲ್ ಮುತವ್ವಾ 2006ರಲ್ಲಿ ‘ದಿ 99’ ಎಂಬ ಕಾಮಿಕ್ಸ್ ಆರಂಭಿಸಿದರು. ಈ ಸಂಖ್ಯೆ ಎಲ್ಲಿಂದ ಬಂತೆಂದು ಮುಸ್ಲಿಮ್ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಾಹನ ಗುಣಗಳನ್ನು ಸೂಚಿಸುವ 99 ನಾಮಗಳೇ ಅಸ್ಮಾವುಲ್ ಹುಸ್ನಾ.

ಕಥೆ ಶುರುವಾಗುವುದು 1258ರ ಬಗ್ದಾದಿನಲ್ಲಿ. ಹುಲಾಗುವಿನ ಮಂಗೋಲ್ ಸೇನೆ ನಗರಕ್ಕೆ ನುಗ್ಗಿದಾಗ ಗ್ರಂಥಪಾಲಕರು ಪುಸ್ತಕಗಳ ಜ್ಞಾನವನ್ನೆಲ್ಲ 99 ರತ್ನಗಳಲ್ಲಿ ಹಿಡಿದಿಡುತ್ತಾರೆ. ಆ ರತ್ನಗಳು ಸ್ಪೇನ್ ಸೇರಿ, ಅಲ್ಲಿಂದ ಲೋಕದಾದ್ಯಂತ ಚದುರಿ, ನಮ್ಮ ಕಾಲದ ಹುಡುಗ ಹುಡುಗಿಯರ ಕೈಸೇರಿ ಅವರಿಗೆ ಒಂದೊಂದು ಶಕ್ತಿ ಕೊಡುತ್ತವೆ. ಇದು ಕಲ್ಪನೆ. ಆದರೆ ಇತಿಹಾಸ ಇದಕ್ಕಿಂತ ವಿಚಿತ್ರ. ಅನೇಕ ಗ್ರಂಥಗಳನ್ನು ಉಳಿಸಿದವರು ಹುಲಾಗುವಿನ ಜೊತೆಯಲ್ಲೇ ಇದ್ದ ಖಗೋಳಜ್ಞ ನಸೀರುದ್ದೀನ್ ತೂಸಿ. 1259ರಲ್ಲಿ ಮರಾಗಾದಲ್ಲಿ ಆರಂಭವಾದ ವೀಕ್ಷಣಾಲಯಕ್ಕೆ ಅವರು ಅವನ್ನು ಸಾಗಿಸಿದರು.

ಸೃಷ್ಟಿಕರ್ತನ ಗುಣಗಳನ್ನು ಮನುಷ್ಯರಿಗೆ ಆರೋಪಿಸಬಹುದೇ? ಇದು ತೌಹೀದಿನ ಬುಡಕ್ಕೇ ತಾಗುವ ಪ್ರಶ್ನೆ. 2014ರಲ್ಲಿ ಸೌದಿಯ ಗ್ರಾಂಡ್ ಮುಫ್ತಿ ಈ ಕಾಮಿಕ್ಸನ್ನು ಖಂಡಿಸಿ ಫತ್ವಾ ನೀಡಿದರು. ಆದರೆ ಮುತವ್ವಾ ಪಾತ್ರಗಳ ಹೆಸರಿನಿಂದ ‘ಅಲ್’ ಕೈಬಿಟ್ಟಿದ್ದರು. ದೇವನಿಗೆ ಮಾತ್ರ ಸಲ್ಲುವ ನಾಮಗಳನ್ನು ಬಳಸಲೂ ಇಲ್ಲ.

ಪ್ರಶ್ನೆ ಹಳೆಯದು. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ ಈ ನಾಮಗಳ ಕುರಿತೇ ‘ಅಲ್ ಮಕ್ಸದುಲ್ ಅಸ್ನಾ’ ಎಂಬ ಗ್ರಂಥ ಬರೆದರು. ದೇವನಿಗೆ ಸಮಾನರು ಯಾರೂ ಇಲ್ಲವೆಂದು ಖಚಿತಪಡಿಸಿಯೇ, ನಾಮಗಳಲ್ಲಿ ದಾಸನಿಗೆ ದಕ್ಕುವ ಪಾಲೇನೆಂದು ಅವರು ವಿವರಿಸುತ್ತಾರೆ. ಕರುಣಾಮಯನನ್ನು ಅರಿತವನು ತಾನೂ ಕರುಣೆ ತೋರಬೇಕು.

ಕಾಮಿಕ್ಸಿನ ಜಬ್ಬಾರ್ ನೆಲಬಾಂಬ್ ಸ್ಫೋಟದಲ್ಲಿ ದೈತ್ಯಬಲ ಪಡೆದ ಸೌದಿ ಹುಡುಗ. ಗಝಾಲಿಯವರ ಪ್ರಕಾರ ಮನುಷ್ಯರಲ್ಲಿ ಜಬ್ಬಾರ್ ಎಂದರೆ ತನ್ನ ನಡತೆಯಿಂದಲೇ ಇತರರು ಅನುಸರಿಸುವಂತೆ ಮಾಡುವವನು. ಅರಬಿಯಲ್ಲಿ ‘ಜಬ್ರ್’ ಎಂದರೆ ಮುರಿದ ಎಲುಬನ್ನು ಕೂಡಿಸುವುದೂ ಹೌದು (ಅಲ್ಜೀಬ್ರಾ ಬಂದದ್ದೂ ಇದೇ ಪದದಿಂದ). ಹೀಗಿರುವಾಗ ಆ ಹೆಸರಿಗೆ ಬರೀ ಮಾಂಸಖಂಡ ತೊಡಿಸಿದ್ದು ಕಾಮಿಕ್ಸಿನ ಬಡತನವೆಂದೇ ನನ್ನ ಭಾವನೆ. ಮುತವ್ವಾರ ಇನ್ನೊಂದು ನಿಯಮ ಮಾತ್ರ ಗಝಾಲಿಯವರಿಗೂ ಒಪ್ಪಿಗೆಯಾಗುತ್ತಿತ್ತೇನೋ: ಯಾರೊಬ್ಬರಲ್ಲೂ ಎಲ್ಲ ಶಕ್ತಿಗಳಿಲ್ಲ, ಸಂಕಟ ಬಂದರೆ ಮೂವರು ಕೂಡಿಯೇ ಎದುರಿಸಬೇಕು.

ಫತ್ವಾ ಬರುವ ಹೊತ್ತಿಗೆ ಕಾಮಿಕ್ಸಿನ ಪ್ರಕಟಣೆ ನಿಂತುಹೋಗಿತ್ತು.