ಕಿಡಕಿಗೆ ಹೊರಗಿನ ನೆರಳು

ನಮ್ಮ ಮನಗೂಳಿಯ ಹಳೀ ಮಾಳಿಗಿ ಮನಿಗಳ ಗ್ವಾಡಿ ಭಾಳ ದಪ್ಪ, ಕಿಡಕಿ ಸಣ್ಣವು. ಗಾಜು ಇರಲಿಲ್ಲ, ಕಟ್ಟಿಗಿ ಬಾಗಿಲಾ ಇರ್ತಿದ್ವು. ಬ್ಯಾಸಿಗ್ಯಾಗ ಬಿಸಿಲು ಏರೂದ್ರಾಗ ಮುಚ್ಚಿ, ಹೊತ್ತು ಮುಳುಗಿದ ಮ್ಯಾಲೆ ತೆಗೀತಿದ್ರು. ಬೆಳಕಿಗೆ ಮಾಳಿಗಿ ಮ್ಯಾಲಿನ ಬೆಳಕಿಂಡಿ ಇತ್ತು.

ಬಿಜಾಪುರದ ಇಬ್ರಾಹಿಂ ರೋಜಾದಾಗ 1627ರಾಗ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಅದ. ಅಲ್ಲಿ ಕಿಡಕಿಗೆ ಕಲ್ಲಿನ್ಯಾಗ ಅರಬ್ಬಿ ಅಕ್ಷರ ಕೊರದು ಜಾಳಿಗಿ ಮಾಡ್ಯಾರ. ಗಾಳಿ ಒಳಗ ಆಡ್ತದ, ಬಿಸಿಲು ಸುತ್ತಲಿನ ಪಡಸಾಲ್ಯಾಗನ ನಿಲ್ತದ. ಮಂದಿ ಕೆತ್ತಿದ್ದರ ಫೋಟೊ ತಗೀತಾರ, ನನಗ ಆ ನೆರಳಿಂದ ಹೆಚ್ಚು ನೋಡ್ರಿ.

ಈಗ ಸಿಮೆಂಟಿನ ತೆಳು ಗ್ವಾಡಿ, ಸರಿಸೋ ಗಾಜಿನ ಕಿಡಕಿ. ಗಾಜು ಬಿಸಿಲನ್ನ ಒಳಗ ಬಿಡ್ತದ, ಕಾದ ನೆಲದ ಝಳ ಹೊರಗ ಹೋಗಗೊಡಂಗಿಲ್ಲ. ಒಳಗ ಪರ್ದಾ ಹಾಕಿದ್ರ ಪರ್ದಾನೂ ಕಾಯ್ತದ. ನಮ್ಮ ಪಶ್ಚಿಮದ ಖೋಲ್ಯಾಗ ಎಂಬತ್ತು ದಾಟಿದ ಅತ್ತಿಯವರು ಮಲಗ್ತಾರ. ಕರೆಂಟ್ ಹೋತಂದ್ರ ಕೂಲರೂ ಇಲ್ಲ, ಫ್ಯಾನೂ ಇಲ್ಲ. ಅದಕ್ಕ ಈ ಸಲ ಯುಗಾದಿ ಮುಂದ ಕಿಡಕಿಗೆ ಹೊರಗಿಂದ ಬಿದಿರಿನ ತಟ್ಟಿ ಇಳಿಬಿಟ್ಟೀವಿ, ಗಾಜಿಗೆ ಹತ್ತದಂಗ ಗೇಣು ಬಿಟ್ಟು, ನಡುವ ಗಾಳಿ ಆಡ್ಲಿ ಅಂತ. ಚೌಕಟ್ಟಿನ ಸಂದಿಗೆ ರಬ್ಬರ್ ಪಟ್ಟಿ ಹಚ್ಚೀವಿ. ಮಧ್ಯಾಹ್ನ ಗಾಜು ಮುಟ್ಟಿದ್ರ ಮೊದಲಿನಂಗ ಸುಡಂಗಿಲ್ಲ.

"ಖೋಲಿ ಕತ್ತಲಾತಲ್ಲವಾ" ಅಂದ್ರು ಅತ್ತಿಯವರು. ಅಂದವರು ಮೂರು ಗಂಟೆತನಾ ಎದ್ದೇ ಇಲ್ಲ.