ಡಿಎಚ್‌ಸಿಪಿ ರಿಲೇ

ಡಿಎಚ್‌ಸಿಪಿ ರಿಲೇ ಎಂಬುದು ಒಂದು ವಿಲ್ಯಾನ್‌ನಲ್ಲಿರುವ ಗಣಕಗಳ ಐಪಿ ವಿಳಾಸದ ಕೋರಿಕೆಯನ್ನು ಬೇರೊಂದು ಜಾಲದಲ್ಲಿರುವ ಡಿಎಚ್‌ಸಿಪಿ ಸರ್ವರ್‌ಗೆ ತಲುಪಿಸುವ ವ್ಯವಸ್ಥೆ. ಈ ಕೋರಿಕೆಯು ಬ್ರಾಡ್‌ಕಾಸ್ಟ್ ರೂಪದಲ್ಲಿರುವುದರಿಂದ ವಿಲ್ಯಾನ್‌ನ ಎಲ್ಲೆಯನ್ನು ದಾಟಲಾರದು. ರಿಲೇ ಇಲ್ಲದಿದ್ದಲ್ಲಿ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕ ಸರ್ವರ್ ಸಂಪರ್ಕ ಬೇಕಾಗುತ್ತದೆ.

ಕಾರ್ಯವಿಧಾನ

ಮೂರನೆಯ ಪದರದ ಸ್ವಿಚ್ ಕೋರಿಕೆಯನ್ನು ಸ್ವೀಕರಿಸಿ, ತನ್ನ ವಿಲ್ಯಾನ್ ಇಂಟರ್‌ಫೇಸಿನ ವಿಳಾಸವನ್ನು ‘ಜಿಐಎಡಿಡಿಆರ್’ ಕ್ಷೇತ್ರದಲ್ಲಿ ತುಂಬಿ, ಸರ್ವರ್‌ನ ಯುಡಿಪಿ 67ನೆಯ ಪೋರ್ಟಿಗೆ ನೇರವಾಗಿ ಕಳುಹಿಸುತ್ತದೆ. ಯಾವ ವಿಳಾಸ ಶ್ರೇಣಿಯಿಂದ ನೀಡಬೇಕೆಂಬುದನ್ನು ಸರ್ವರ್ ಈ ಕ್ಷೇತ್ರದಿಂದಲೇ ತಿಳಿಯುತ್ತದೆ. ಈ ಕ್ಷೇತ್ರವು 1985ರ ಬೂಟ್‌ಪಿ ಶಿಷ್ಟಾಚಾರದಿಂದ ಬಂದದ್ದು.

ಅಳವಡಿಕೆ

ಸಿಸ್ಕೊ ಸ್ವಿಚ್‌ಗಳಲ್ಲಿ ವಿಲ್ಯಾನ್ ಇಂಟರ್‌ಫೇಸಿನಡಿ ‘ಐಪಿ ಹೆಲ್ಪರ್-ಅಡ್ರೆಸ್’ ಆದೇಶದೊಂದಿಗೆ ಸರ್ವರ್‌ನ ವಿಳಾಸವನ್ನು ನಮೂದಿಸಲಾಗುತ್ತದೆ. ಸರ್ವರ್‌ನಲ್ಲಿ ಆ ವಿಲ್ಯಾನ್‌ನ ವಿಳಾಸ ಶ್ರೇಣಿಯೂ ಸ್ವಿಚ್‌ನ ಇಂಟರ್‌ಫೇಸಿಗೆ ಮರಳುವ ಮಾರ್ಗವೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಗಣಕಕ್ಕೆ ವಿಳಾಸ ದೊರೆಯದು; ಆಗ ವಿಂಡೋಸ್ ಗಣಕವು 169.254ರಿಂದ ಆರಂಭವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ.