ಹುಡುಕುವುದು ಬೇರೆ, ಸೃಷ್ಟಿಸುವುದು ಬೇರೆ: ತಂತ್ರಾಂಶಕ್ಕೆ ಪಹಣಿ ಕಲಿಸುವ ಪಾಠ

ತುಮಕೂರು: ಗುಬ್ಬಿ ತಾಲ್ಲೂಕಿನ ಚೇಳೂರಿನವರಾಗಲಿ, ಕುಣಿಗಲ್ ತಾಲ್ಲೂಕಿನ ಅಮೃತೂರಿನವರಾಗಲಿ, ಪಹಣಿ ಪಡೆಯಲು ಸರ್ವೆ ನಂಬರ್ ಒಂದನ್ನೇ ಹೇಳಿದರೆ ಸಾಲದು. ಅದೇ ಸಂಖ್ಯೆ ಬೇರೆ ಗ್ರಾಮಗಳಲ್ಲಿಯೂ ಇರುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್ ಮತ್ತು ಹಿಸ್ಸಾ ಎಲ್ಲವೂ ಸೇರಿದಾಗಲೇ ಜಮೀನಿನ ಗುರುತು ಪೂರ್ಣ. 2000ರ ದಶಕದ ಆರಂಭದಲ್ಲಿ ರಾಜ್ಯದ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು.

ಇಂಥ ದಾಖಲೆಗಳಿಗೆ ತಂತ್ರಾಂಶ ರೂಪಿಸುವವರಿಗೆ ಎದುರಾಗುವ ಪ್ರಶ್ನೆ ಒಂದೇ: ಡೇಟಾಬೇಸ್‌ನಲ್ಲಿರುವ ದಾಖಲೆಯನ್ನು ಹುಡುಕಿ ತರುವ ಮತ್ತು ಹೊಸದನ್ನು ಸೃಷ್ಟಿಸುವ ಹೊಣೆಯನ್ನು ಪ್ರೋಗ್ರಾಮಿನ ಯಾವ ಭಾಗಕ್ಕೆ ವಹಿಸಬೇಕು?

ಮೂರು ಮಾದರಿಗಳು

ಮಾರ್ಟಿನ್ ಫೌಲರ್ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಹಲವು ವಿನ್ಯಾಸ ಮಾದರಿಗಳಿವೆ. ‘ಆಕ್ಟಿವ್ ರೆಕಾರ್ಡ್’ನಲ್ಲಿ ದಾಖಲೆಯೇ ತನ್ನನ್ನು ಉಳಿಸಿಕೊಳ್ಳುತ್ತದೆ, ನಿಯಮಗಳು ಸರಳವಾಗಿದ್ದರೆ, ಉದಾಹರಣೆಗೆ ಸಣ್ಣ ಗ್ರಂಥಾಲಯದ ಪುಸ್ತಕ ಪಟ್ಟಿಗೆ, ಇದು ಸಾಕು. ‘ಡೇಟಾ ಮ್ಯಾಪರ್’ ದಾಖಲೆ ಮತ್ತು ಡೇಟಾಬೇಸ್ ನಡುವೆ ನಿಂತು ಎರಡನ್ನೂ ಬೇರ್ಪಡಿಸುತ್ತದೆ. ‘ರೆಪಾಸಿಟರಿ’ ದಾಖಲೆ ಕೊಠಡಿಯ ಗುಮಾಸ್ತನಂತೆ. ಗುರುತು ಹೇಳಿದರೆ ಕಡತ ತಂದುಕೊಡುತ್ತದೆ.

ಹೊಸ ದಾಖಲೆಯನ್ನು ನಿಯಮಬದ್ಧವಾಗಿ ರೂಪಿಸುವ ಕೆಲಸ ‘ಫ್ಯಾಕ್ಟರಿ’ಯದು. ‘ಸಿಕ್ಕರೆ ಕೊಡು, ಇಲ್ಲದಿದ್ದರೆ ಸೃಷ್ಟಿಸು’ ಎಂದು ಎರಡನ್ನೂ ಬೆರೆಸುವುದು ತರವಲ್ಲ ಎಂಬುದು ಎರಿಕ್ ಎವಾನ್ಸ್ 2003ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ನಿಲುವು.

ಅಪಾಯ ಎಲ್ಲಿದೆ?

ಹಿಸ್ಸಾ 2ರ ಬದಲು 3 ಎಂದು ತಪ್ಪಾಗಿ ನಮೂದಿಸಿದರೆ ಶೋಧವು ‘ದಾಖಲೆ ಇಲ್ಲ’ ಎಂದು ಹೇಳಬೇಕು. ಅದರ ಬದಲು ಹೊಸ ದಾಖಲೆಯನ್ನೇ ಹುಟ್ಟುಹಾಕಿದರೆ ಇಲ್ಲದ ಜಮೀನು ಕಾಗದದ ಮೇಲೆ ಮೂಡುತ್ತದೆ. ಕಂದಾಯ ಪದ್ಧತಿಯಲ್ಲಿ ಹೊಸ ಹಿಸ್ಸಾ ಹುಟ್ಟುವುದು ಅಳತೆ ಮತ್ತು ಪೋಡಿಯಿಂದ. ಹಕ್ಕು ಬದಲಾಗುವುದು ಕ್ರಯ, ವಿಭಾಗ ಅಥವಾ ಪೌತಿಯ ಆಧಾರದ ಮೇಲೆ, ಮ್ಯುಟೇಶನ್ ಮೂಲಕ. ಪಹಣಿ ಕೇಳಿದ ಮಾತ್ರಕ್ಕೆ ಯಾವುದೂ ಹುಟ್ಟುವುದಿಲ್ಲ.

ಆದ್ದರಿಂದ ಹಕ್ಕುಗಳಿಗೆ ಸಂಬಂಧಿಸಿದ ದಾಖಲೆಗಳಿಗೆ ಶೋಧಕ್ಕೆ ರೆಪಾಸಿಟರಿ, ಸೃಷ್ಟಿಗೆ ಫ್ಯಾಕ್ಟರಿ ಎಂಬ ವಿಭಜನೆಯೇ ಸೂಕ್ತ. ಇಬ್ಬರು ಸಿಬ್ಬಂದಿ ಏಕಕಾಲಕ್ಕೆ ಒಂದೇ ದಾಖಲೆಯನ್ನು ಸೃಷ್ಟಿಸದಂತೆ ತಡೆಯಲು, ಪೂರ್ಣ ಗುರುತು ಪುನರಾವರ್ತನೆಯಾಗಬಾರದೆಂಬ ನಿರ್ಬಂಧವನ್ನು ಡೇಟಾಬೇಸ್‌ನಲ್ಲಿಯೇ ಅಳವಡಿಸಬೇಕು. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಉಳಿಸಲು ಹೋಗಿ ರೈತ ಕಚೇರಿಗೆ ಅಲೆಯುವಂತಾಗಬಾರದು.